ಬಿಡಿಸಿದವಳು ಸರ್ವಮಂಗಳಾ

ಬಿಡಿಸುಮನೆ, ತಿಪಟೂರು ಇದ್ದ ಜಾಗ
ಮೂರನೇ ಎಣಿಕೆಯ ೨೧೪ನೇ ವರ್ಷ, ಏಳನೇ ತಿಂಗಳು, ಮೂವತ್ತೇಳನೇ ತಾರೀಖು

ತಿಪಟೂರಿನ ಸರ್ವಮಂಗಳಾ ಅವರಿಗೆ ಬಿಡಿಸುಮನೆಯ ಇರುವಂತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ. ಕೊನೆಯಲ್ಲಿ ಉಳಿಯುವ ಐದು ದಿನಕ್ಕೆ ಹೆಸರಿಲ್ಲ, ಆಗ ಯಾರೂ ಕೆಲಸ ಮಾಡುವುದಿಲ್ಲ. ನಿಮಗೂ ನಮಗೂ ನಡುವೆ ಎಷ್ಟು ತಲೆಮಾರು ಸಂದಿವೆ ಎಂದು ಹೇಳಲು ನನಗೆ ಅನುಮತಿ ಇಲ್ಲ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಇಪ್ಪತ್ತಾರು ವರ್ಷ ಓದಿದ್ದೇನೆ, ಪರೀಕ್ಷೆಗಳಲ್ಲಿ ಮೊದಲಿಗಳಾಗಿ ಪಾಸಾಗಿದ್ದೇನೆ, ಕಿರಿಯರಿಗೆ ಪಾಠವನ್ನೂ ಹೇಳಿದ್ದೇನೆ. ಅದರಲ್ಲಿ ಒಂದು ಶಬ್ದವನ್ನು ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆ ಎಂಬುದು ನಾಲ್ಕು ದಿನದ ಹಿಂದೆ ಗೊತ್ತಾಯಿತು.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕ್ಯಾಲೆಂಡರಿನ ಹಾಳೆಯಲ್ಲಿ ಮಡಿಸಿದ್ದ ಪುಟ್ಟ ತೊಟ್ಟಿಲು ನಮ್ಮ ಕಾಲದವರೆಗೂ ಉಳಿದು ಬಂದಿತ್ತು. ಅದನ್ನು ನಾನು ಬಿಚ್ಚಿ ಚಪ್ಪಟೆ ಮಾಡಿಬಿಟ್ಟೆ. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಒಂದು ಮಗುವಿನ ನಾಮಕರಣ ಇದೆ, ಅದಕ್ಕೆ ಆ ತೊಟ್ಟಿಲು ಬೇಕು. ಮತ್ತೆ ಮಡಿಸುವುದು ಹೇಗೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮ ಬದುಕಿನ ಬಗ್ಗೆ ಸ್ವಲ್ಪ ಹೇಳದಿದ್ದರೆ ಇದು ನಿಮಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಮನೆಗಳಲ್ಲಿ ಯಾವ ವಸ್ತುವನ್ನೂ ಇಟ್ಟುಕೊಳ್ಳುವುದಿಲ್ಲ. ಬೀದಿಯ ತುದಿಯಲ್ಲಿ ಕರಗುಕೊಪ್ಪರಿಗೆ ಎಂಬುದಿದೆ. ತಟ್ಟೆ, ಲೋಟ, ಹಾಸಿಗೆ, ಬಟ್ಟೆ ಎಲ್ಲವೂ ಬೆಳಿಗ್ಗೆ ಅದರಿಂದ ಅಚ್ಚಾಗಿ ಬರುತ್ತವೆ, ಬಳಸಿ ಆದಮೇಲೆ ಅದಕ್ಕೇ ಮರಳಿ ಹೋಗಿ ಕರಗುತ್ತವೆ. ಒಗೆಯುವ ಕೆಲಸವಿಲ್ಲ, ಒಣಗಿಸುವ ಕೆಲಸವಿಲ್ಲ, ಮಡಿಸಿಡುವ ಕೆಲಸವಂತೂ ಇಲ್ಲವೇ ಇಲ್ಲ. ಮಡಚುವುದು ಎಂಬ ಮಾತನ್ನು ನಾವು ಕಾಲಿಗೆ ಮಾತ್ರ ಬಳಸುತ್ತೇವೆ, ಕಾಲು ಮಡಚಿ ಕೂತರು ಎನ್ನುವಾಗ. ಬರಹ ಗೋಡೆಯ ಮೇಲೆ ಮೂಡುತ್ತದೆ, ಓದಿ ಮುಗಿದ ಕೂಡಲೇ ಅಳಿದುಹೋಗುತ್ತದೆ. ಚಿತ್ರ ಬೇಕೆಂದರೆ ಬಾಯಲ್ಲಿ ಹೇಳಿದರೆ ಸಾಕು, ಅದು ಎದುರಿಗೆ ಬರುತ್ತದೆ. ಅದಕ್ಕೆ ಚಿತ್ರ ಕರೆಯುವುದು ಎನ್ನುತ್ತೇವೆ. ಕೈಯಿಂದ ಗೆರೆ ಎಳೆದವರನ್ನು ನಾನು ಈವರೆಗೆ ಕಂಡಿಲ್ಲ. ಪ್ರತಿ ಮನೆಯಲ್ಲೂ ಒಂದು ಗೂಡು ಮಾತ್ರ ಇರುತ್ತದೆ, ಒಂದು ಮೊಳ ಅಗಲದ್ದು. ಇದನ್ನು ಕರಗಿಸಬಾರದು ಎಂದು ಮನೆಯವರು ಹಟ ಹಿಡಿದರೆ ಅಂಥ ಒಂದೇ ಒಂದು ವಸ್ತುವನ್ನು ಅದರಲ್ಲಿಡಬಹುದು. ಬಹಳ ಮನೆಗಳಲ್ಲಿ ಆ ಗೂಡು ಖಾಲಿ ಇರುತ್ತದೆ.

ಬಿಡಿಸುಮನೆ ಎಂದರೆ ನಿಮ್ಮ ಕಾಲದ ಕಾಗದದ ವಸ್ತುಗಳನ್ನು ಬಿಡಿಸಿ ಓದುವ ಸಂಸ್ಥೆ. ಕಾಗದದ ಹೂ, ಕಪ್ಪೆ, ದೋಣಿ, ಆಕಾಶಬುಟ್ಟಿ, ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ಗೋಡೆಯ ಅಲಂಕಾರ, ಎಲ್ಲಿ ಏನು ಸಿಕ್ಕರೂ ನಮ್ಮಲ್ಲಿಗೆ ಬರುತ್ತದೆ. ಆವಿ ಹಾಯಿಸಿ, ಅಂಟು ಕಿತ್ತು, ಒಂದೊಂದು ಮಡಿಕೆಯನ್ನೂ ಬಿಚ್ಚಿ, ಗಾಜಿನ ಕೆಳಗೆ ಚಪ್ಪಟೆ ಮಾಡಿ, ಅದರಲ್ಲಿದ್ದ ಬರಹವನ್ನು ದಾಖಲಿಸುತ್ತೇವೆ. ತೊಂಬತ್ತು ವರ್ಷದಲ್ಲಿ ಮೂರು ಸಾವಿರದ ಆರುನೂರ ಹದಿನೆಂಟು ವಸ್ತುಗಳನ್ನು ಹೀಗೆ ಬಿಡಿಸಿದ್ದೇವೆ. ಒಳಗೆ ಸಿಕ್ಕಿದ್ದು ಏಳನೇ ತರಗತಿಯ ವಿಜ್ಞಾನದ ಪ್ರಶ್ನೆಗಳು, ಚುನಾವಣೆಯ ಕರಪತ್ರ, ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ಯಾವುದೋ ವಾರದ ರಾಶಿಫಲ. ಇಂಥದ್ದನ್ನು ಇಷ್ಟು ಜೋಪಾನವಾಗಿ ಮಡಿಸಿ ಮುಚ್ಚಿಟ್ಟಿದ್ದೇಕೆ ಎಂಬುದರ ಮೇಲೆ ನಮ್ಮಲ್ಲಿ ನಾಲ್ಕು ದೊಡ್ಡ ಪ್ರಬಂಧಗಳಿವೆ. ಮೂರನೆಯದು ನನ್ನದು. ನಿಮ್ಮ ಕಾಲದಲ್ಲಿ ನೀರು ಬಿಡುವ ಹೊತ್ತು ಗುಟ್ಟಿನ ವಿಷಯವಾಗಿತ್ತು, ಆದ್ದರಿಂದ ಅದನ್ನು ದೋಣಿಯ ಆಕಾರದಲ್ಲಿ ಅಡಗಿಸುತ್ತಿದ್ದರು ಎಂದು ಅದರಲ್ಲಿ ಸಾಧಿಸಿದ್ದೇನೆ. ಅದಕ್ಕೆ ಪ್ರಶಸ್ತಿಯೂ ಬಂತು.

ಇದಕ್ಕೆಲ್ಲ ಆಧಾರ ಒಂದೇ ಶಬ್ದ. ಅನೇಕ ವಸ್ತುಗಳ ಮೇಲೆ, ಹೂಬಳ್ಳಿಯ ಪಕ್ಕದಲ್ಲೋ ನವಿಲಿನ ಕಾಲ ಕೆಳಗೋ, "ಬಿಡಿಸಿದವರು" ಎಂದು ಬರೆದು ಒಂದು ಹೆಸರು ಹಾಕಿರುತ್ತಿತ್ತು. ಬಿಡಿಸುವುದು ಎಂದರೆ ನಮಗೆ ಬಿಚ್ಚುವುದು. ಗಂಟು ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ. ಹಾಗಾಗಿ ನಿಮ್ಮ ಕಾಲದಲ್ಲಿ ಮನೆಮನೆಯಲ್ಲೂ ನಮ್ಮಂಥ ಒಬ್ಬ ಬಿಡಿಸುಗಾರರು ಇರುತ್ತಿದ್ದರು, ಅವರು ವಸ್ತುವನ್ನು ಬಿಚ್ಚಿ ಓದಿ ಮತ್ತೆ ಮುಚ್ಚಿ ರುಜು ಹಾಕುತ್ತಿದ್ದರು ಎಂದು ನಮ್ಮ ಹಿರಿಯರು ತೀರ್ಮಾನಿಸಿದರು. ಆ ಹೆಸರುಗಳನ್ನೆಲ್ಲ ನಮ್ಮ ಹಜಾರದ ಕಲ್ಲುಗೋಡೆಯಲ್ಲಿ ಕೆತ್ತಿಸಿದ್ದಾರೆ. ಕೆಲಸಕ್ಕೆ ಸೇರುವವರು ಆ ಗೋಡೆಗೆ ಕೈಮುಗಿದು ಒಳಗೆ ಬರಬೇಕು. ನಾನೂ ಮುಗಿದಿದ್ದೇನೆ, ಭಕ್ತಿಯಿಂದಲೇ.

ಎಂಟು ದಿನದ ಹಿಂದೆ ಹೊಂಬಾಳಮ್ಮ ಎಂಬುವರು ಬಂದರು. ಎಂಬತ್ತು ದಾಟಿದ ಹೆಂಗಸು, ಊರಾಚೆಯ ಕಲ್ಲುಮನೆಗಳ ಕಡೆಯವರು. ಅಲ್ಲಿಯವರ ಮಾತು ಸ್ವಲ್ಪ ಹಳೆಯ ಧಾಟಿಯದು. ಅವರ ಅಂಗೈಯಲ್ಲಿ ನಿಮ್ಮ ತೊಟ್ಟಿಲಿತ್ತು. ಮೊಮ್ಮಗಳಿಗೆ ಹೆಣ್ಣು ಮಗುವಾಗಿ ಅವತ್ತಿಗೆ ಮೂರು ದಿನ. ಹನ್ನೆರಡನೇ ದಿನ ಹೆಸರಿಡುವಾಗ ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಕಾಗದದ ತೊಟ್ಟಿಲಲ್ಲಿ ಒಂದು ಚೂರು ಬೆಲ್ಲ ಇಟ್ಟು ತೂಗಿ, ಹೆಸರನ್ನು ಮೊದಲು ಅದಕ್ಕೆ ಹೇಳುತ್ತಾರೆ, ಆಮೇಲೆ ಮಗುವಿನ ಕಿವಿಗೆ. ತೊಟ್ಟಿಲಿಗೆ ಹೇಳದ ಹೆಸರು ಮಗುವಿನದಲ್ಲ. ಹೊಂಬಾಳಮ್ಮನಿಗೆ ಹೆಸರು ಬಂದದ್ದು ಹೀಗೆ, ಅವರ ತಾಯಿಗೂ ಹೀಗೆ. ಈಗ ತೊಟ್ಟಿಲಿನಲ್ಲಿ ದಾರ ಕಟ್ಟುವ ಒಂದು ತುದಿ ಹರಿದಿತ್ತು. "ಇದೊಂಚೂರು ಅಂಟಿಸಿ ಕೊಡವ್ವಾ" ಎಂದರು. ನಾನು ರಸೀತಿ ಕೊಟ್ಟು ಕಳಿಸಿದೆ.

ತೊಟ್ಟಿಲಿನ ಪಕ್ಕದಲ್ಲಿ ನೀಲಿ ಶಾಯಿಯ ಮಲ್ಲಿಗೆ ಬಳ್ಳಿ, ಅದರ ಕೆಳಗೆ "ಬಿಡಿಸಿದವಳು ಸರ್ವಮಂಗಳಾ, ತಿಪಟೂರು" ಎಂದಿತ್ತು. ಅಕ್ಷರ ನೋಡಿ ನೀವು ಹತ್ತು ವರ್ಷದ ಹುಡುಗಿಯೋ ಎಪ್ಪತ್ತರ ಅಜ್ಜಿಯೋ ಹೇಳಲಾರೆ. ‘ಳ’ ಅಕ್ಷರವನ್ನು ಮಾತ್ರ ಬಹಳ ಮುತುವರ್ಜಿಯಿಂದ ಸುತ್ತಿದ್ದೀರಿ. ನನಗಾದ ಸಂತೋಷ ಹೇಳತೀರದು. ನನ್ನದೇ ಕಸುಬಿನ ಹಿರಿಯಳೊಬ್ಬಳು ಬಿಡಿಸಿ ರುಜು ಹಾಕಿದ ವಸ್ತು ಕೈಗೆ ಬಂದಿದೆ ಎಂದುಕೊಂಡೆ. ಅಂಟಿಸುವ ಮೊದಲು ಒಳಗೇನಿದೆ ನೋಡೋಣ ಎಂದು ಎರಡೂವರೆ ದಿನ ಕೂತು ಇಪ್ಪತ್ತೇಳು ಮಡಿಕೆ ಬಿಚ್ಚಿದೆ. ಒಂದು ಕಡೆಯೂ ಹರಿಯಲಿಲ್ಲ. ಒಳಮೈಯಲ್ಲಿ ಡಿಸೆಂಬರ್ ತಿಂಗಳ ಚೌಕಗಳಿದ್ದವು. ಹನ್ನೊಂದರ ಚೌಕದಲ್ಲಿ "ಗ್ಯಾಸ್ ಬಂತು" ಎಂದೂ ಹದಿನೇಳರಲ್ಲಿ "ರತ್ನ ಬರಲಿಲ್ಲ" ಎಂದೂ ಬರೆದಿತ್ತು. ಹನ್ನೊಂದರಂದು ಊರಿಗೆ ಏನೋ ದೊಡ್ಡ ಅನಾಹುತವಾಗಿ ರತ್ನ ಎಂಬುವರು ತೀರಿಕೊಂಡಿರಬೇಕು ಎಂದು ಟಿಪ್ಪಣಿ ಬರೆದೆ.

ನಾಲ್ಕು ದಿನದ ಹಿಂದೆ ಹೊಂಬಾಳಮ್ಮ ಮರಳಿ ಬಂದಾಗ ಹೆಮ್ಮೆಯಿಂದ ಗಾಜಿನ ಹತ್ತಿರ ಕರೆದುಕೊಂಡು ಹೋದೆ. ಅವರು ಗಾಜನ್ನು ನೋಡಿದರು, ನನ್ನ ಮುಖ ನೋಡಿದರು. "ತೊಟ್ಲೆಲ್ಲಿ?" ಎಂದರು. ಇದೇ ಎಂದೆ. "ತೊಟ್ಲೆಲ್ಲವ್ವಾ?" ಎಂದು ಮತ್ತೆ ಕೇಳಿದರು, ನಾನದನ್ನು ಎಲ್ಲೋ ಪಕ್ಕಕ್ಕೆ ಎತ್ತಿಟ್ಟಿದ್ದೇನೆ ಎಂಬಂತೆ. ನಾನು ನಿಮ್ಮ ರುಜುವಿನ ಮೇಲೆ ಬೆರಳಿಟ್ಟು, ಮೊದಲು ಇವರೇ ಇದನ್ನು ಬಿಡಿಸಿದ್ದಾರೆ, ನಾನೂ ಅದನ್ನೇ ಮಾಡಿದ್ದೇನೆ ಎಂದು ವಿವರಿಸಿದೆ.

"ಬಿಡಿಸೋದು ಅಂದ್ರೆ ಬರೆಯೋದು ಕಣವ್ವಾ" ಎಂದರು ಅವರು. "ಹೂವಿನ ಚಿತ್ರ ಬಿಡಿಸವ್ಳೆ ಆ ತಾಯಿ. ನಮ್ಮಜ್ಜಿ ದಿನಾ ಬಾಗ್ಲಲ್ಲಿ ರಂಗೋಲಿ ಬಿಡಿಸ್ತಿದ್ಲಂತೆ. ರಂಗೋಲೀನ ಏನು ಬಿಚ್ತಿದ್ಲಾ?"

ಹಜಾರದ ಗೋಡೆಯಲ್ಲಿರುವ ಹೆಸರುಗಳಲ್ಲಿ ಒಬ್ಬರೂ ಏನನ್ನೂ ಬಿಚ್ಚಿದವರಲ್ಲ. ಅವರು ಹೂ ಬರೆದವರು, ನವಿಲು ಬರೆದವರು. ನಮಗಿಂತ ಮೊದಲು ಈ ಭೂಮಿಯ ಮೇಲೆ ಒಬ್ಬ ಬಿಡಿಸುಗಾರನೂ ಇರಲಿಲ್ಲ. ಬಿಚ್ಚಿದ್ದು ನಾವು ಮಾತ್ರ. ಉಗ್ರಾಣಕ್ಕೆ ಓಡಿಹೋಗಿ ಖಾನೆಗಳನ್ನು ಎಳೆದೆಳೆದು ನೋಡಿದೆ, ಒಂದಾದರೂ ಕಪ್ಪೆ ಕಪ್ಪೆಯಾಗಿಯೇ ಉಳಿದಿದೆಯೇ ಎಂದು. ಎಲ್ಲವೂ ಚಪ್ಪಟೆ ಹಾಳೆಗಳು. ಅರ್ಧಕ್ಕರ್ಧ ನನ್ನ ಕೈಯಿಂದಲೇ ಆದದ್ದು. ಓದುವುದಕ್ಕೆಂದು ನಾವು ಬಿಚ್ಚಿದ್ದರಲ್ಲಿ ಓದುವಂಥದ್ದು ಏನೂ ಇರಲಿಲ್ಲ, ಮಡಿಕೆಯೇ ಎಲ್ಲವೂ ಆಗಿತ್ತು. ಈ ಮಾತನ್ನು ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಅವರು "ಗೋಡೆ ಕೆತ್ತಿಸಿ ಆಗಿದೆಯಲ್ಲ ಇರುವಂತಿ, ಈಗೇನು ಮಾಡೋಕಾಗುತ್ತೆ" ಎಂದರು.

ನಾಲ್ಕು ದಿನದಿಂದ ಹೊಂಬಾಳಮ್ಮ ಬೆಳಿಗ್ಗೆಯೇ ಬಂದು ನನ್ನ ಎದುರಿಗೆ ಕೂರುತ್ತಾರೆ, ಈಗಲೂ ಕೂತಿದ್ದಾರೆ. ಅದೇ ಅಳತೆಯ ಹಾಳೆಗಳನ್ನು ಅಚ್ಚು ಹಾಕಿಸಿಕೊಂಡು ಇಬ್ಬರೂ ಮಡಿಸಿ ನೋಡುತ್ತಿದ್ದೇವೆ. ನಿಮ್ಮ ಹಾಳೆಯಲ್ಲಿ ಮಡಿಕೆಯ ಗೆರೆಗಳೆಲ್ಲ ಇವೆ, ಯಾವುದು ಒಳಕ್ಕೆ ಯಾವುದು ಹೊರಕ್ಕೆ ಎಂಬುದೂ ತಿಳಿಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ಹಾಳೆ ಹೇಳುವುದಿಲ್ಲ. ಬಿಚ್ಚುವಾಗ ಸರದಿ ಬರೆದಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ಮತ್ತೆ ಮಡಿಸುವ ಯೋಚನೆಯೇ ಯಾರಿಗೂ ಬಂದಿರಲಿಲ್ಲವಲ್ಲ. ನೆನಪಿನಿಂದ ಹನ್ನೆರಡು ಮಡಿಕೆಯವರೆಗೆ ಹೋಗುತ್ತೇನೆ, ಹದಿಮೂರಕ್ಕೆ ಎಲ್ಲ ಕೆಡುತ್ತದೆ. ನಿನ್ನೆ ಒಂದು ಟೋಪಿಯಾಯಿತು. ಇವತ್ತು ಆದದ್ದನ್ನು ನೋಡಿ ಹೊಂಬಾಳಮ್ಮ "ಯಾರೋ ತುಳಿದ ಇಡ್ಲಿ ಇದ್ದಂಗೈತೆ" ಎಂದರು. ಅವರು ನನ್ನನ್ನು ಒಂದು ಸಲವೂ ಬೈದಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಅವರ ಮನೆಯಲ್ಲಿ ಅಷ್ಟು ತಲೆಮಾರು ತೊಟ್ಟಿಲನ್ನು ಕಾಪಾಡಿದರು, ಮಡಿಸುವುದನ್ನು ಯಾರೂ ಕಲಿಯಲಿಲ್ಲ. ಇದ್ದದ್ದೇ ಚೆನ್ನಾಗಿತ್ತು, ಇನ್ನೊಂದು ಮಾಡುವ ಅಗತ್ಯ ಬೀಳಲಿಲ್ಲ.

ಈ ಪತ್ರ ಹಿಂದೋಲೆಯಲ್ಲಿ ಬರುತ್ತದೆ. ಹಿಂದಿನ ಕಾಲಕ್ಕೆ ಮಾತನ್ನು ಮಾತ್ರ ಒಯ್ಯುವ ಅಂಚೆ ಅದು. ಅಲ್ಲಿಂದ ಇಲ್ಲಿಗೆ ಉತ್ತರ ತರುವ ಅಂಚೆ ಇಲ್ಲ. ಉತ್ತರ ಕೊಡಬೇಕೆಂದರೆ ಬಾಳಿಕೆ ಬರುವ ಒಂದು ವಸ್ತುವಿನ ಮೇಲೆ ಬರೆದು ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಬಿಡಬೇಕು. ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ. ತೊಟ್ಟಿಲನ್ನು ಮಡಿಸುವಾಗ ಪ್ರತಿ ಮಡಿಕೆಯ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು, ಎರಡು, ಮೂರು ಎಂದು ನಂಬರ್ ಹಾಕಿ. ಡಿಸೆಂಬರ್ ಚೌಕಗಳ ಸುತ್ತ ಬೇಕಾದಷ್ಟು ಜಾಗವಿದೆ.

ಇಷ್ಟು ಬರೆದಮೇಲೆ ಕಣ್ಣು ಗಾಜಿನ ಕಡೆ ಹೋಯಿತು. ನಿಮ್ಮ ಹಾಳೆ ನನ್ನ ಎದುರಿಗೇ ಇದೆ. ಅದರಲ್ಲಿ ಒಂದು ನಂಬರೂ ಇಲ್ಲ. ಅಂದರೆ ಈ ಪತ್ರ ನಿಮಗೆ ಮುಟ್ಟಿಲ್ಲ, ಅಥವಾ ಮುಟ್ಟಿದರೂ ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದುಹೋಗಿ ಮರೆತಿದ್ದೀರಿ. ಕೇಳುವ ಮೊದಲೇ ನಿಮ್ಮ ಉತ್ತರ ನನಗೆ ಬಂದಿತ್ತು. ಇದನ್ನು ಹೊಂಬಾಳಮ್ಮನಿಗೆ ಹೇಗೆ ಹೇಳುವುದೋ ತಿಳಿಯದೆ, ಇಲ್ಲಿಯವರೆಗೆ ಬರೆದದ್ದನ್ನೇ ಓದಿ ಹೇಳಿದೆ.

ಅವರು ಮಡಿಲಲ್ಲಿದ್ದ ಹಾಳೆಗಳನ್ನು ಕೊಡವಿ ಎದ್ದು ನಿಂತರು. "ಸಾಕು ಬಿಡು" ಎಂದರು. "ಅವ್ಳ ಹಾಳೇನೇ ತಗೊಂಡ್ ಬಾ. ನಾಕು ಜನ ನಾಕು ಮೂಲೆ ಹಿಡ್ಕಂಡ್ರೆ ನಡುವೆ ತಗ್ಗಾಯ್ತದೆ. ಬೆಲ್ಲ ಅಲ್ಲಿ ನಿಲ್ತದೆ."

ಹಾಳೆಯನ್ನು ಬಿಡಿಸುಮನೆಯ ಹೊಸ್ತಿಲು ದಾಟಿಸಿದರೆ ನನ್ನ ಕೆಲಸ ಹೋಗುತ್ತದೆ ಎಂದೆ. ಹಾಳೆಗೆ ಬಹಳ ವಯಸ್ಸಾಗಿದೆ, ತೂಗಿದರೆ ಮಡಿಕೆಯ ಗೆರೆಯಲ್ಲೇ ಹರಿದುಹೋಗುತ್ತದೆ ಎಂದೆ. "ಹರಿದ್ರೆ ಹರೀಲಿ" ಎಂದುಬಿಟ್ಟರು. "ಅವ್ಳು ಮಡಿಸಿದ್ದು ಮಗೀಗೆ, ನಿಂಗಲ್ಲ." ಇಪ್ಪತ್ತಾರು ವರ್ಷದಲ್ಲಿ ಯಾರೂ ನನ್ನ ಎದುರು ಇಂಥ ಮಾತು ಆಡಿರಲಿಲ್ಲ. ಒಂದು ಮೂಲೆ ತಮಗೆ, ಒಂದು ಮೊಮ್ಮಗಳಿಗೆ, ಒಂದು ಅವಳ ಗಂಡನಿಗೆ ಎಂದು ಬೆರಳೆಣಿಸಿದರು. ನಾಲ್ಕನೆಯದು ಯಾರಿಗೆ ಎಂದು ಕೇಳಿದೆ. "ನೀನೇ ಹಿಡೀಬೇಕು, ಇನ್ಯಾರವ್ರೆ" ಎಂದು ಬಾಗಿಲ ಕಡೆ ನಡೆದರು.

ಸರ್ವಮಂಗಳಾ ಅವರೇ, ನಿಮ್ಮ ಊರಿನಲ್ಲಿ ಕಾಗದ ಮಡಿಸುವವರು ಯಾರಾದರೂ ಇದ್ದರೆ, ಒಬ್ಬರೇ ಕೂತು ಮಾಡಬೇಡಿ ಎಂದು ಅವರಿಗೆ ಹೇಳಿ. ಮನೆಯ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಅದು ಕಾಗದ ಹಾಳುಮಾಡಿದರೂ ಸರಿ. ನಾನು ಗಾಜು ತೆಗೆದಿದ್ದೇನೆ, ಕೈಗವಸನ್ನೂ ತೆಗೆದು ನಿಮ್ಮ ಹಾಳೆಯನ್ನು ಮೊದಲ ಸಲ ಬರಿಗೈಯಲ್ಲಿ ಮುಟ್ಟಿದೆ. ನಾಳೆ ಹನ್ನೊಂದು ಗಂಟೆಗೆ ಅದರ ನಾಲ್ಕನೇ ಮೂಲೆಯನ್ನು ನಾನು ಗಟ್ಟಿಯಾಗಿ ಹಿಡಿದಿರಬೇಕು. ನಾನೊಬ್ಬಳು ಮೂಲೆ ಬಿಟ್ಟರೆ ಆ ಮಗುವಿನ ಹೆಸರು ನೆಲಕ್ಕೆ ಬೀಳುತ್ತದೆ.

ನಿಮ್ಮ ಕ್ಷಮೆ ಬೇಡುವ,
ಇರುವಂತಿ