ನನಗೆ ತರಬೇತಿಯಾಗಿದೆ ಎಂದು ಬರೆದುಕೊಂಡವರಿಗೆ

ತರಬೇತಿ ವಿಭಾಗದ ಮಾನ್ಯ ನಿರ್ದೇಶಕರೇ,

ಬೌದ್ಧಿಕ ವೈಕಲ್ಯವುಳ್ಳ ರೋಗಿಗಳ ಆರೈಕೆಯಲ್ಲಿ ನಾನು ತರಬೇತಿ ಪಡೆದ ನರ್ಸ್ ಎಂದು ನಿಮ್ಮ ಕಚೇರಿಯ ದಾಖಲೆ ಹೇಳುತ್ತದೆ. ಅದು ಸುಳ್ಳು. ಆ ಸುಳ್ಳಿಗೆ ನಾನೂ ಸಹಿ ಹಾಕಿದ್ದೇನೆ. ಅದರಿಂದಾಗಿ ಒಬ್ಬ ಮನುಷ್ಯ ತನ್ನ ಕರುಳಿನ ಒಂದು ಭಾಗ ಕಳೆದುಕೊಂಡಿದ್ದಾನೆ, ಮತ್ತು ಮುಂದಿನ ತಿಂಗಳ ಹನ್ನೊಂದನೇ ತಾರೀಕು ಅವನು ಪುನಃ ನಮ್ಮ ವಾರ್ಡಿಗೇ ಬರಬೇಕಾಗಿದೆ. ಇದನ್ನೆಲ್ಲ ನಿಮಗೆ ಖಾಸಗಿಯಾಗಿ ಮೂರು ಸಲ ಬರೆದೆ. ಮೂರಕ್ಕೂ ‘ತಮ್ಮ ಪತ್ರ ತಲುಪಿದೆ’ ಎಂಬ ಉತ್ತರ ಬಂತು. ತಲುಪಿದ್ದು ಸಂತೋಷ. ಓದಿದಿರೋ ಇಲ್ಲವೋ ತಿಳಿಯದ ಕಾರಣ ಈಗ ಎಲ್ಲರೆದುರಿಗೆ ಬರೆಯುತ್ತಿದ್ದೇನೆ.

ಮೊದಲು ಆ ತರಬೇತಿಯ ವೈಭವವನ್ನು ನಿಮಗೆ ನೆನಪಿಸಬೇಕು, ಯಾಕೆಂದರೆ ನೀವು ಅಂದು ಬಂದಿರಲಿಲ್ಲ. ಆಸ್ಪತ್ರೆಯ ಮೇಲಿನ ಮಹಡಿಯ ಸಭಾಂಗಣದಲ್ಲಿ ಅರವತ್ತೆರಡು ಜನ ನರ್ಸುಗಳು ಕೂತಿದ್ದೆವು. ಪ್ರೊಜೆಕ್ಟರಿಗೆ ವೈರು ಸಿಗಲಿಲ್ಲ. ಬಂದಿದ್ದ ಉಪನ್ಯಾಸಕರು ಒಳ್ಳೆಯವರು. ‘ಇಂಥವರನ್ನು ಪ್ರೀತಿಯಿಂದ ನೋಡಿಕೊಳ್ಳಿ’ ಎಂದು ನಲವತ್ತು ನಿಮಿಷದಲ್ಲಿ ಎಂಟು ಸಲ ಹೇಳಿದರು. ಪ್ರೀತಿಯಿಂದ ಸೂಜಿ ಚುಚ್ಚುವುದು ಹೇಗೆ, ಮಾತು ಬಾರದವನ ನೋವನ್ನು ಪತ್ತೆ ಮಾಡುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಕೆಳಗೆ ವಾರ್ಡಿನಲ್ಲಿ ಮೂವತ್ತೆಂಟು ರೋಗಿಗಳನ್ನು ಒಬ್ಬಳೇ ಒಬ್ಬ ನರ್ಸ್ ಗೆಳತಿಗೆ ಒಪ್ಪಿಸಿ ಬಂದಿದ್ದೆ. ಆಮೇಲೆ ಮೊಬೈಲಿಗೆ ಹತ್ತು ಪ್ರಶ್ನೆಗಳು ಬಂದವು. ಹತ್ತಕ್ಕೂ ‘ಮೇಲಿನ ಎಲ್ಲವೂ’ ಸರಿಯುತ್ತರ. ಹಾಜರಾತಿಗೆ ಒಂದು ಸಹಿ, ಬಿಸ್ಕತ್ತಿಗೆ ಒಂದು ಸಹಿ, ಪ್ರಮಾಣಪತ್ರಕ್ಕೆ ಒಂದು ಸಹಿ. ಅಂದು ಸಂಜೆಯೊಳಗೆ ನಮ್ಮ ಆಸ್ಪತ್ರೆ ‘ಶೇಕಡಾ ನೂರು ತರಬೇತಿ ಸಾಧಿಸಿದ ಆಸ್ಪತ್ರೆ’ ಆಯಿತು. ತರಬೇತಾದವರ ಪಟ್ಟಿ ವಾರ್ಡಿನ ಬಾಗಿಲಿಗೆ ಬಂತು. ಅದರಲ್ಲಿ ನನ್ನ ಫೋಟೋ ಮೇಲಿನಿಂದ ಎರಡನೆಯದು.

ಇದಾಗಿ ಐದು ವಾರಕ್ಕೆ, ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ‘ಮೇಷ್ಟ್ರು’ ಬಂದರು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ವಯಸ್ಸು ನಲವತ್ತೊಂದು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಮಾತು ಕಡಿಮೆ. ಅಕ್ಕನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಂತು, ದಾರಿಯಲ್ಲಿ ಹೋಗಿಬರುವವರ ಹಾಜರಿ ತೆಗೆದುಕೊಳ್ಳುವುದು ಅವರ ಕೆಲಸ. ಬೀದಿಯವರೆಲ್ಲ ‘ಬಂದೆ ಸಾರ್’ ಎಂದು ಹೇಳಿಯೇ ಮುಂದೆ ಹೋಗಬೇಕು. ಹಾಗಾಗಿ ಆ ಹೆಸರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ತಿಳಿದಿದ್ದು ಇಷ್ಟೇ: ದಪ್ಪಗಿನ ಒಬ್ಬ ಗಂಡಸು, ಎರಡು ದಿನದಿಂದ ಊಟ ಬಿಟ್ಟಿದ್ದಾನೆ, ಎರಡು ಸಲ ವಾಂತಿ ಮಾಡಿದ್ದಾನೆ, ಮತ್ತು ಒಂದೇ ಸಮನೆ ನಗುತ್ತಿದ್ದಾನೆ.

ಡ್ಯೂಟಿ ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದ್ದೇ ತಡ, ಮೇಷ್ಟ್ರು ಅವರನ್ನು ತಳ್ಳಿಬಿಟ್ಟರು. ಡಾಕ್ಟರ ಕನ್ನಡಕ ನೆಲಕ್ಕೆ ಬಿದ್ದು ಒಡೆಯಿತು. ಅಲ್ಲಿಂದ ಮುಂದೆ ಅವರು ಹೊಟ್ಟೆನೋವಿನ ರೋಗಿಯಲ್ಲ, ‘ವೈಲೆಂಟ್ ಪೇಷಂಟ್’. ಅಕ್ಕ ನನ್ನ ತೋಳು ಹಿಡಿದುಕೊಂಡಳು.

“ಸಿಸ್ಟರ್, ಅವ್ನು ನಗ್ತಿದಾನಲ್ಲ, ಅದು ನಗು ಅಲ್ಲ. ನೋವು ತಡೆಯೋಕಾಗ್ದೇ ಹೋದಾಗ ಹಂಗ್ ಮಾಡ್ತಾನೆ. ಚಿಕ್ಕೋನಿದ್ದಾಗ ಕೈ ಮುರ್ಕೊಂಡಾಗ್ಲೂ ಹಿಂಗೇ ನಕ್ಕಿದ್ದ.”

ನಾನು ಕೊಟ್ಟ ಉತ್ತರವನ್ನು ಅಕ್ಷರಶಃ ಬರೆಯುತ್ತೇನೆ. “ಅಮ್ಮಾ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ನಮ್ ಕೆಲ್ಸ ನಮಗ್ ಗೊತ್ತು.”

ನಮಗೆ ಗೊತ್ತಿದ್ದ ಕೆಲಸ ಏನೆಂದರೆ, ನೋವು ಅಳೆಯಲು ಗೋಡೆಗೆ ಹಾಕಿರುವ ಚಿತ್ರದ ಹಲಗೆ. ಆರು ಮುಖಗಳು, ಮೊದಲನೆಯದು ನಗುಮುಖ, ಕೊನೆಯದು ಅಳುಮುಖ. ಅದನ್ನು ತಂದು ಮೇಷ್ಟ್ರ ಮುಂದೆ ಹಿಡಿದು, “ನಿಮಗೆ ಹೇಗಾಗ್ತಿದೆ, ತೋರ್ಸಿ” ಎಂದೆ. ಮೂರು ಕ್ಷಣವೂ ಆಗಿರಲಿಲ್ಲ, “ಬೇಗ ತೋರ್ಸಿ” ಎಂದೆ. ಅವರು ನಗುಮುಖದ ಮೇಲೆ ಬೆರಳಿಟ್ಟರು. ಅದು ಹಳದಿ ಬಣ್ಣದ್ದು, ಚೆನ್ನಾಗಿತ್ತು. ನಾನು ಕೇಸ್ ಶೀಟಿನಲ್ಲಿ ‘ನೋವು: ಸೊನ್ನೆ. ರೋಗಿ ನಗುತ್ತಿದ್ದಾನೆ’ ಎಂದು ದುಂಡಗೆ ಬರೆದೆ. ನಿದ್ರೆಯ ಇಂಜೆಕ್ಷನ್ ಕೊಟ್ಟೆವು. ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದೆವು. ಗಂಟು ಹಾಕಿದವಳು ನಾನೇ. ಗಂಡಸರ ವಾರ್ಡು, ಭೇಟಿಯ ಸಮಯವೂ ಅಲ್ಲ ಎಂದು ಅಕ್ಕನನ್ನು ಹೊರಗೆ ಕಳಿಸಿದೆವು. ಆಕೆ ಕಾರಿಡಾರಿನ ಬೆಂಚಿನಲ್ಲಿ ಆರು ಗಂಟೆ ಕೂತಿದ್ದಳು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಆ ಬಾಗಿಲ ಮೇಲಿನ ಪಟ್ಟಿಯಲ್ಲಿ, ಅವಳ ಕಣ್ಣೆದುರಿಗೇ, ನನ್ನ ಫೋಟೋ ಇತ್ತು.

ಎರಡನೇ ಪಾಳಿಗೆ ಬರಬೇಕಾದವಳು ಬಾರದೆ ಅಂದು ನಾನೇ ಉಳಿದಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ಜ್ವರ ನೋಡಲು ಹೋದಾಗ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಸರ್ಜನ್ ಓಡಿಬಂದರು. ಕರುಳು ತಿರುಚಿಕೊಂಡು, ರಕ್ತ ಹೋಗದೆ, ಒಂದು ಗೇಣಿನಷ್ಟು ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆದು, ಹೊಟ್ಟೆಯ ಮೇಲೊಂದು ದ್ವಾರ ಮಾಡಿ, ಮಲ ಹೋಗಲು ಚೀಲ ಅಂಟಿಸಿದರು. “ಬೆಳಿಗ್ಗೇನೇ ಗೊತ್ತಾಗಿದ್ರೆ ಕತ್ತರಿಸೋ ಪ್ರಮೇಯ ಬರ್ತಿರ್ಲಿಲ್ವೇನೋ,” ಎಂದು ಕೈತೊಳೆಯುತ್ತ ಅಂದರು. ಬೆಳಿಗ್ಗೆಯೇ ಗೊತ್ತಾಗಿತ್ತಲ್ಲ ಸಾರ್, ಅಕ್ಕನಿಗೆ, ಎಂದು ನಾನು ಹೇಳಬಹುದಿತ್ತು. ಟವೆಲ್ ಕೊಟ್ಟೆ. ಮೇಷ್ಟ್ರು ಬದುಕಿದರು. ಮೂರು ವಾರ ವಾರ್ಡಿನಲ್ಲಿದ್ದರು. ಬಿಳಿ ಬಟ್ಟೆಯ ಯಾರನ್ನು ಕಂಡರೂ ಎರಡು ಮಣಿಕಟ್ಟುಗಳನ್ನೂ ತಾವೇ ಜೋಡಿಸಿ ಮುಂದೆ ಚಾಚುತ್ತಿದ್ದರು, ಕಟ್ಟಿಕೊಳ್ಳಿ ಎನ್ನುವಂತೆ. ನಿರ್ದೇಶಕರೇ, ಇಪ್ಪತ್ತಾರು ವರ್ಷದ ಸೇವೆಯಲ್ಲಿ ಎಷ್ಟೋ ಸಾವು ಕಂಡಿದ್ದೇನೆ. ಆ ಚಾಚಿದ ಕೈಗಳನ್ನು ನೋಡಲು ನನ್ನಿಂದಾಗಲಿಲ್ಲ. ಬೇರೆ ವಾರ್ಡು ಕೇಳಿದೆ. ‘ತರಬೇತಿ ಪಡೆದ ಸಿಬ್ಬಂದಿಯನ್ನು ಬದಲಿಸಲು ಅವಕಾಶವಿಲ್ಲ’ ಎಂಬ ಉತ್ತರ ಬಂತು.

ಆಮೇಲೆ ನಿಮ್ಮ ಕಚೇರಿಯಿಂದ ನನಗೆ ನೋಟಿಸ್ ಬಂತು. ‘ಸದರಿ ವಿಷಯದಲ್ಲಿ ತರಬೇತಿ ಪಡೆದಿದ್ದರೂ ತಾವು ತೋರಿದ ನಿರ್ಲಕ್ಷ್ಯಕ್ಕೆ ವಿವರಣೆ ನೀಡತಕ್ಕದ್ದು.’ ತರಬೇತಿಯೇ ಆಗಿಲ್ಲ ಎಂದು ಪ್ರಾಮಾಣಿಕವಾಗಿ ಬರೆದುಕೊಂಡು ಹೋದೆ. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಓದಿ, ಬಾಗಿಲು ಹಾಕಿಕೊಂಡು ಬಂದು ಕೂತರು.

“ನಿಂಗೇನು ತಲೆ ಕೆಟ್ಟಿದ್ಯೇನೇ? ಆಗಿಲ್ಲ ಅಂದ್ರೆ ‘ಸುಳ್ಳು ಸಹಿ ಯಾಕ್ ಹಾಕ್ದೆ’ ಅಂತಾರೆ. ಆಗಿದೆ ಅಂದ್ರೆ ‘ಗೊತ್ತಿದ್ದೂ ಯಾಕ್ ಕಟ್ದೆ’ ಅಂತಾರೆ. ಎರಡರಲ್ಲೂ ನೀನೇ ಸಿಕ್ಕಿಬೀಳೋದು. ಕ್ಷಮಿಸಿ ಅಂತ ಎರಡು ಸಾಲು ಬರ್ಕೊಟ್ಟು ಸುಮ್ನಿರು.”

“ಹಂಗಾದ್ರೆ ಮುಂದಿನ್ ಪೇಷಂಟ್ ಬಂದಾಗ ಏನ್ಮಾಡ್ಲಿ, ಮೇಡಂ?”

“ಅದು ಪತ್ರದಲ್ಲಿ ಕೇಳಿಲ್ಲ,” ಎಂದರು.

ಅವರನ್ನು ನಾನು ದೂರುವುದಿಲ್ಲ. ಅವರ ಪ್ರಮಾಣಪತ್ರವೂ ಅದೇ ಸಭಾಂಗಣದ್ದು. ಆದರೆ ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೇ ಶಿಸ್ತುಕ್ರಮಕ್ಕೆ ಗುರಿಯಾಗುವ ಅಪರಾಧವಾದರೆ, ನಾನು ಕಲಿಯಬೇಕಾದರೂ ಎಲ್ಲಿಂದ? ಈಗಾಗಲೇ ಕಲಿತವಳಿಗೆ ನೀವು ಕಲಿಸುವುದಿಲ್ಲ. ಕಲಿಯದವಳಿಗೆ ಕೆಲಸ ಉಳಿಯುವುದಿಲ್ಲ. ಈ ಗೋಡೆಗಳ ನಡುವೆ ಕಿಟಕಿ ಎಲ್ಲಿಟ್ಟಿದ್ದೀರಿ ಎಂದು ದಯವಿಟ್ಟು ತಿಳಿಸಿ.

ಕೊನೆಗೆ ಒಂದು ಭಾನುವಾರ ಅಕ್ಕನ ಅಂಗಡಿ ಹುಡುಕಿಕೊಂಡು ಹೋದೆ, ಬಣ್ಣದ ಬಟ್ಟೆ ಉಟ್ಟು. ಆದರೂ ಮೇಷ್ಟ್ರು ಗುರುತು ಹಿಡಿದರು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸೇರಿಕೊಂಡರು. ಅಕ್ಕ ಮೆಷಿನ್ ನಿಲ್ಲಿಸಲಿಲ್ಲ. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಆಕೆ ಹಲ್ಲಿನಿಂದ ದಾರ ಕಡಿದು, “ಅಳೋಕ್ ಬಂದಿದ್ರೆ ಹೊರಟ್ಬಿಡಿ, ನಂಗೆ ಕೆಲ್ಸ ಇದೆ. ಕಲಿಯೋಕ್ ಬಂದಿದ್ರೆ ಕೂತ್ಕೊಳ್ಳಿ,” ಎಂದಳು. “ನಂಗೆ ಗೊತ್ತಿಲ್ಲ, ಕಲ್ಸಿ,” ಎಂದು ನೆಲದ ಮೇಲೆ ಕೂತೆ.

“ಅವನ್ನ ಏನಾದ್ರೂ ಕೇಳಿದ್ಮೇಲೆ ಇಪ್ಪತ್ತು ಎಣಿಸಿ. ನೀವೆಲ್ಲ ಮೂರಕ್ಕೇ ಮತ್ತೆ ಕೇಳ್ತೀರ. ಅವನು ಪಾಪ ಮೊದ್ಲಿಂದ ಶುರು ಮಾಡ್ಬೇಕು.”

ಮೇಜಿನ ಕೆಳಗೆ ಬಗ್ಗಿ, “ಮೇಷ್ಟ್ರೇ, ನೀರು ಬೇಕಾ?” ಎಂದು ಕೇಳಿ ಎಣಿಸಿದೆ. ಹದಿನಾಲ್ಕಕ್ಕೆ, ಬೇರೆ ಕಡೆ ನೋಡುತ್ತಲೇ, ಬೇಡವೆಂದು ತಲೆಯಾಡಿಸಿದರು. ಹದಿನಾಲ್ಕು! ಸಿಬ್ಬಂದಿ ಕೊರತೆ ಎನ್ನುತ್ತೀರಿ, ನಿಜ, ಅದನ್ನು ನಿಮಗಿಂತ ಚೆನ್ನಾಗಿ ನಾನು ಬಲ್ಲೆ. ಆದರೆ ಹದಿನಾಲ್ಕು ಎಣಿಸಲು ಎಷ್ಟು ಸಿಬ್ಬಂದಿ ಬೇಕು?

ನಾಲ್ಕು ಭಾನುವಾರ ಹೋದೆ. ಸೂಜಿಯನ್ನು ಬಚ್ಚಿಡಬಾರದು, ಮೊದಲು ತೋರಿಸಬೇಕು. ‘ಎಲ್ಲಿ ನೋವು’ ಎಂದು ಕೇಳಬಾರದು. ಅಕ್ಕನ ಮೈಮುಟ್ಟಿ ‘ಇಲ್ಲೇನಾ? ಇಲ್ಲೇನಾ?’ ಎಂದು ತೋರಿಸಿದರೆ ಮೇಷ್ಟ್ರು ತಮ್ಮ ನೋವಿನ ಜಾಗವನ್ನು ಮುಟ್ಟಿ ತೋರಿಸುತ್ತಾರೆ. ಹಿಂದಿನಿಂದ ಬಂದು ಯಾರೂ ಮುಟ್ಟಬಾರದು. ಗೊತ್ತಿರುವ ಒಬ್ಬರು ಸದಾ ಕಣ್ಣಿಗೆ ಕಾಣುತ್ತಿರಬೇಕು. ಅಕ್ಕ ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಆ ಮೂರು ಪತ್ರಗಳಲ್ಲದೆ ಬೇರೆಯಾಗಿ, ನಿಮಗೆ ಕಳಿಸಿದೆ, ಈಕೆಯನ್ನು ಕರೆಸಿ ನಮಗೆ ಪಾಠ ಹೇಳಿಸಿ ಎಂದು ಬೇಡಿಕೊಂಡೆ. ‘ನಿಗದಿತ ನಮೂನೆಯಲ್ಲಿಲ್ಲ, ಸಂಪನ್ಮೂಲ ವ್ಯಕ್ತಿಗೆ ವಿದ್ಯಾರ್ಹತೆ ಇರುವುದಿಲ್ಲ’ ಎಂದು ಹಾಳೆ ಹಿಂದಕ್ಕೆ ಬಂತು. ನಲವತ್ತೊಂದು ವರ್ಷ ಒಬ್ಬನನ್ನು ಓದಿಕೊಂಡವಳಿಗೆ ಯಾವ ವಿದ್ಯಾರ್ಹತೆ ಇಲ್ಲ, ಸ್ವಾಮಿ?

ನಾನು ಕಲಿತುಬಿಟ್ಟೆ ಎಂದುಕೊಳ್ಳಬೇಡಿ. ನಾಲ್ಕನೆಯ ಭಾನುವಾರ ಮೇಷ್ಟ್ರು ಮೇಜಿನ ಕೆಳಗಿನಿಂದ ಹೊರಗೆ ಬಂದರು, ನಿಜ. ನನ್ನ ಹತ್ತಿರ ಬರಲಿಲ್ಲ. ಒಬ್ಬರ ಬಗ್ಗೆ ಸ್ವಲ್ಪ ತಿಳಿದಿದೆ, ಅಷ್ಟೇ. ಅವರಂಥವರು ಇನ್ನೆಷ್ಟೋ ಜನ ನಮ್ಮ ಬಾಗಿಲಿಗೆ ಬರುತ್ತಾರೆ. ಎಲ್ಲರಿಗೂ ಹೊಲಿಗೆ ಅಂಗಡಿಯ ಅಕ್ಕ ಇರುವುದಿಲ್ಲ.

ಹನ್ನೊಂದನೇ ತಾರೀಕು ಕರುಳನ್ನು ಮತ್ತೆ ಜೋಡಿಸುವ ಆಪರೇಷನ್. ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅಕ್ಕ ಕೇಳಿ ನೋಡಿದಳು. ‘ನಿಮ್ಮ ಭಾಗದಲ್ಲೇ ತರಬೇತಾದ ಸಿಬ್ಬಂದಿ ಇದ್ದಾರಲ್ಲ’ ಎಂದು ಆ ಆಸ್ಪತ್ರೆಯವರು ಹಿಂದಕ್ಕೆ ಕಳಿಸಿದರು. ನಿಮ್ಮ ಪಟ್ಟಿ ಅಷ್ಟು ದೂರ ಕೆಲಸ ಮಾಡುತ್ತಿದೆ, ಅಭಿನಂದನೆಗಳು. ನಿನ್ನೆ ಅಕ್ಕ ಒಬ್ಬಳೇ ವಾರ್ಡಿಗೆ ಬಂದು, ಅಂದು ನಾನು ಡ್ಯೂಟಿಯಲ್ಲಿರುತ್ತೇನೆಯೇ ಎಂದು ವಿಚಾರಿಸಿದಳು. ನನಗೆ ಅರ್ಥವಾಯಿತೆಂದುಕೊಂಡೆ.

“ರಜಾ ಹಾಕ್ತೀನಿ ಅಕ್ಕಾ. ನನ್ ಮುಖ ಕಾಣ್ಸೋದಿಲ್ಲ ಅವ್ರಿಗೆ,” ಎಂದೆ.

“ಹಾಕ್ಬೇಡಿ,” ಎಂದಳು. “ನೀವಿರ್ಬೇಕು. ಇಷ್ಟ್ ದೊಡ್ ಆಸ್ಪತ್ರೇಲಿ ‘ನಂಗೆ ಗೊತ್ತಿಲ್ಲ’ ಅಂತ ಹೇಳಿದ್ದು ನೀವೊಬ್ರೇ.”

ಹಾಗಾಗಿ ನಾನು ಇರುತ್ತೇನೆ. ಬೇಕಿದ್ದರೆ ಸುಳ್ಳು ಸಹಿಗೆ ಶಿಕ್ಷೆ ಕೊಡಿ, ಆದರೆ ಹನ್ನೊಂದನೇ ತಾರೀಕು ಕಳೆದ ಮೇಲೆ ಕೊಡಿ. ಅಕ್ಕ ಭೇಟಿಯ ಸಮಯದ ಹಂಗಿಲ್ಲದೆ ಮಂಚದ ಪಕ್ಕದಲ್ಲಿರಲು ಇಂದೇ ಲಿಖಿತ ಅಪ್ಪಣೆ ಕಳಿಸಿ. ಆ ಶೇಕಡಾ ನೂರನ್ನು ಅಳಿಸಿ, ನಮ್ಮನ್ನೆಲ್ಲ ಮತ್ತೆ ಕೂರಿಸಿ, ರೋಗಿಗಳನ್ನೂ ಅವರ ಮನೆಯವರನ್ನೂ ಎದುರಿಗಿಟ್ಟುಕೊಂಡು ನಿಜವಾಗಿ ಕಲಿಸಿ. ನನ್ನ ಪಾಳಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಆ ಎಂಟು ಗಂಟೆ ಮೇಷ್ಟ್ರ ಕೈಯನ್ನು ಯಾರೂ ಕಟ್ಟದಂತೆ ನಾನು ನೋಡಿಕೊಳ್ಳುತ್ತೇನೆ. ಉಳಿದ ಹದಿನಾರು ಗಂಟೆ ಯಾರು ನೋಡಿಕೊಳ್ಳುತ್ತಾರೆ ಎಂದು ನೀವು ಹೇಳಬೇಕು.

ಇಂತಿ,
ಬಾಗಿಲಿನ ಪಟ್ಟಿಯಿಂದ ತನ್ನ ಫೋಟೋವನ್ನು ಎರಡು ಸಲ ಕಿತ್ತು, ಎರಡು ಸಲವೂ ಅದನ್ನು ಮತ್ತೆ ಅಂಟಿಸಬೇಕಾಗಿ ಬಂದ
ಗಂಡಸರ ವಾರ್ಡಿನ ಒಬ್ಬ ನರ್ಸ್