ರಟ್ಟಿನ ಊರಿನಲ್ಲಿ ಒಂದು ಬೆಂಚು

ಅಪ್ಪಾ,

ಇವತ್ತು ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಮ್ಮ ಬೀದಿ ಕೆಡವಿ ಕಟ್ಟುವ ಹೊಸ ಬಡಾವಣೆಯ ರಟ್ಟಿನ ಮಾದರಿಯನ್ನು ಶಾಲೆಯಲ್ಲಿ ತೋರಿಸಿದರು. ಎತ್ತರದ ಕಟ್ಟಡಗಳು, ಅಕ್ಕಿಕಾಳಿನಷ್ಟು ಜನ. ನಿನ್ನ ತಂಗಿ, ನಮ್ಮತ್ತೆ, ಬಗ್ಗಿ ನೋಡಿದಳು.

“ಇವರೆಲ್ಲ ನಡೀತಾನೇ ಇದಾರಲ್ಲಪ್ಪ, ಕೂತ್ಕೊಳ್ಳೋದೆಲ್ಲಿ?”

“ಅದಕ್ಕೆ ಜಾಗ ಇಲ್ಲಮ್ಮ” ಎಂದ ಇಂಜಿನಿಯರ್.

ಅತ್ತೆ ಬಿಡುವವಳೇ? ಚೀಲದಿಂದ ಬೆಂಕಿಪೊಟ್ಟಣ ತೆಗೆದು, ನಿನ್ನ ಸೈಕಲ್ ಅಂಗಡಿಯಿದ್ದ ಮೂಲೆಯಲ್ಲಿ ಇಟ್ಟೇಬಿಟ್ಟಳು. “ತಗೋ, ಬೆಂಚು!” ಅದು ಎರಡು ಮಹಡಿಯಷ್ಟು ಎತ್ತರವಿತ್ತು! ನಗು ನಿಂತಮೇಲೂ ಬೀದಿಯವರೆಲ್ಲ ಪಟ್ಟು ಬಿಡಲಿಲ್ಲ: ಬೆಂಚಿಲ್ಲದಿದ್ದರೆ ಒಪ್ಪಿಗೆಯಿಲ್ಲ. ಕೊನೆಗೆ ಇಂಜಿನಿಯರೇ ನಗುತ್ತ ಪೆನ್ಸಿಲ್ ತೆಗೆದ.

ಸಂಜೆ ಹೊತ್ತು ನಿನ್ನ ಅಂಗಡಿ ಮುಂದಿನ ಬೆಂಚು ತಟ್ಟಿ “ಬಾರೇ, ಎರಡು ನಿಮಿಷ ಕೂತ್ಕೋ” ಎನ್ನುತ್ತಿದ್ದೆಯಲ್ಲ, ನಾನು “ಬಂದೆಪ್ಪಾ” ಎನ್ನುತ್ತಲೇ ಬೀದಿ ದಾಟಿರುತ್ತಿದ್ದೆ.

“ಎಷ್ಟುದ್ದ ಬೇಕು?” ಎಂದು ಕೇಳಿದ ಇಂಜಿನಿಯರ್.

“ಇಬ್ರು ಕೂರೋಷ್ಟು” ಎಂದೆ, ಎಲ್ಲರಿಗಿಂತ ಮೊದಲು.