ಗೋಡೆ ಒಡೆಯದೆ ಹೇಳಿದವನಲ್ಲ

ಹದಿನಾಲ್ಕನೇ ತಾರೀಖು, ಮಂಗಳವಾರ.

ಮೊಮ್ಮಗಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಾಳೆ ನನ್ನವಳಿಗೆ ಹೃದಯದ ಆಪರೇಷನ್. ಸಂಜೆ ವಾರ್ಡಿನಲ್ಲಿ ನರ್ಸು ದೇವರನ್ನು ಬೇಡಿಕೊಳ್ಳಿ ಎಂದಳು. "ದೇವರೂ ಇಲ್ಲ, ದಿಂಡರೂ ಇಲ್ಲ. ನಾನು ನಾಸ್ತಿಕ" ಎಂದೆ. ಕಾಲೇಜು ಓದುವ ಮೊಮ್ಮಗಳು ಅಲ್ಲೇ ಶುರುಮಾಡಿದಳು.

"ತಾತ, ದೇವರನ್ನ ನಂಬದೋನು ನಾಸ್ತಿಕ. ಇದ್ದಾನೋ ಇಲ್ವೋ ತಿಳಿಯೋಕೇ ಆಗಲ್ಲ ಅನ್ನೋನು ಅಜ್ಞೇಯವಾದಿ. ಒಂದು ನಂಬಿಕೆ ಮಾತು, ಇನ್ನೊಂದು ತಿಳುವಳಿಕೆ ಮಾತು. ನೀನು ಯಾವುದು?"

"ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ನಾನು. ಬಾಯಿ ಮುಚ್ಚು" ಎಂದು ಹೊರಗೆ ಅಟ್ಟಿದೆ.

ಆಮೇಲೆ ನನ್ನವಳು ಮೆಲ್ಲಗೆ ಕೇಳಿದಳು. "ನಾಳೆ ನಾನು ಏಳದಿದ್ರೆ, ಮುಂದೆ ಏನೂ ಇಲ್ವಾ?"

ನಲವತ್ತು ವರ್ಷ ಇಲ್ಲ ಇಲ್ಲ ಎಂದು ಕೂಗಾಡಿದವನಿಗೆ ಆ ಒಂದು 'ಇಲ್ಲ' ಬಾಯಿಗೆ ಬರಲಿಲ್ಲ. ಇಷ್ಟು ವರ್ಷದ ಪ್ಲಂಬರ್ ಕೆಲಸದಲ್ಲಿ, ಗೋಡೆ ಒಡೆದು ನೋಡದೆ ಒಳಗೆ ಪೈಪು ಸೋರುತ್ತಿಲ್ಲ ಎಂದು ಯಾರಿಗೂ ಹೇಳಿದವನಲ್ಲ ನಾನು.

"ಗೊತ್ತಿಲ್ಲ ಕಣೇ" ಎಂದೆ.

"ಮದುವೆಯಾದಾಗಿಂದ ನಿಮ್ಮ ಬಾಯಲ್ಲಿ ಈ ಮಾತು ಇವತ್ತೇ ಕೇಳಿದ್ದು" ಎಂದು ನಕ್ಕು, ಮಗ್ಗುಲು ಬದಲಿಸಿ ನಿದ್ದೆ ಹೋದಳು.

ನಂಬಿಕೆ ನನಗೆ ಈಗಲೂ ಇಲ್ಲ. ಬೇಡಿಕೊಳ್ಳಬೇಕು ಅನಿಸುತ್ತಿದೆ, ಅದೇ ಸಿಟ್ಟು. ನಂಬದವನು ಯಾರನ್ನು ಬೇಡಿಕೊಳ್ಳಬೇಕು ಎಂದು ಆ ಹುಡುಗಿಯ ಪುಸ್ತಕದಲ್ಲಿ ಎಲ್ಲಾದರೂ ಬರೆದಿದೆಯೇ ಎಂದು ಬೆಳಿಗ್ಗೆ ಅವಳನ್ನೇ ಕೇಳಬೇಕು.